ಫೈರ್‌ವಾಲ್ ಆಚರಿಸಿದ ಮೌನ

ನಮ್ಮ ಕಾಲೇಜಿನ ನೆಟ್‌ವರ್ಕ್ ಉಸ್ತುವಾರಿ ನನಗೆ ಬಂದದ್ದು ಯೋಗ್ಯತೆಯಿಂದಲ್ಲ. ನಾನು ಇತಿಹಾಸದ ಮಾಸ್ತರ. ಒಮ್ಮೆ ಪ್ರಿಂಟರಿನಲ್ಲಿ ಸಿಕ್ಕಿಕೊಂಡ ಕಾಗದವನ್ನು ಎಳೆದು ತೆಗೆದೆ, ಪ್ರಿನ್ಸಿಪಾಲರು ನೋಡಿಬಿಟ್ಟರು. ಅಷ್ಟೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಸಂಸ್ಥೆಯ ಅಧ್ಯಕ್ಷರು ಇರುವುದು ಹುಬ್ಬಳ್ಳಿಯಲ್ಲಿ, ಕಾಲೇಜು ಧಾರವಾಡದ ಕೆಲಗೇರಿ ಕಡೆ. ಕೂತಲ್ಲಿಂದಲೇ ನಮಗೆ ಭಾಷಣ ಬಿಗಿಯಬೇಕೆಂದು ಅವರಿಗೆ ಆಸೆ. ಸರಿ, ಸಭಾಗೃಹ, ವರಾಂಡಗಳ ಗೋಡೆಗೆ ನೆಟ್‌ವರ್ಕ್ ಸ್ಪೀಕರುಗಳು ಬಂದವು. ಅಧ್ಯಕ್ಷರ ದನಿ ವಿಪಿಎನ್ ಎಂಬ ಕಾಣದ ಸುರಂಗ ಹೊಕ್ಕು, ಉಣಕಲ್ ದಾಟಿ ಬಂದು, ಫೈರ್‌ವಾಲ್ ಎಂಬ ಕಾವಲುಗಾರನಿಗೆ ಗುರುತು ಹೇಳಿ ಒಳಗೆ ಬರಬೇಕು. ಕೋಟೆ, ಸುರಂಗ, ಕಾವಲು ಎಂದರೆ ಇತಿಹಾಸದವನಿಗೆ ಹೊಸದೇ? ಎಲ್ಲ ತಿಳಿಯಿತೆಂದು ಬೀಗಿದೆ.

ತಿಳಿಯದ ಸಂಗತಿ ಒಂದಿತ್ತು. ಒಂದು ನಿಮಿಷ ಸದ್ದು ಬರದಿದ್ದರೆ ಮಾತು ಮುಗಿಯಿತೆಂದು ಈ ಕಾವಲುಗಾರ ಬಾಗಿಲು ಜಡಿದುಬಿಡುತ್ತಾನೆ. ಎರಡು ವರ್ಷ ಇದು ಯಾರಿಗೂ ಗೊತ್ತಾಗಲಿಲ್ಲ. ಅಧ್ಯಕ್ಷರು ಒಂದು ನಿಮಿಷ ಸುಮ್ಮನಿದ್ದರಲ್ಲವೇ ಗೊತ್ತಾಗುವುದು!

ಅಷ್ಟರಲ್ಲಿ ಈರಪ್ಪ ತೀರಿಕೊಂಡ. ಮೂವತ್ತು ವರ್ಷ ಕಾಲೇಜಿನ ಗಂಟೆ ಬಾರಿಸಿದವನು. ಗಂಟೆಯನ್ನೂ ಸ್ಪೀಕರಿನಲ್ಲೇ ಹೊಡೆಸಬಹುದೆಂದು ಸೂಚಿಸಿ ಅವನ ಕೈಯಿಂದ ಆ ಕೆಲಸ ತಪ್ಪಿಸಿದವನು ನಾನೇ. ಆಮೇಲೂ ಹತ್ತಕ್ಕೆ ಸರಿಯಾಗಿ ಗಂಟೆಯ ಕೆಳಗೆ ಬಂದು ಸುಮ್ಮನೆ ನಿಲ್ಲುತ್ತಿದ್ದ. ನನಗೆ ಅತ್ತ ನೋಡಲು ನಾಚಿಕೆಯಾಗುತ್ತಿತ್ತು. ಸಂತಾಪ ಸಭೆಗೆ ಅವನ ಹೆಂಡತಿ ನೀಲವ್ವ ಬಂದು ಮುಂದಿನ ಸಾಲಿನಲ್ಲಿ ಕೂತಾಗ, ದೇವರೇ, ಇದೊಂದಾದರೂ ಸರಿಯಾಗಿ ನಡೆಯಲಿ ಎಂದುಕೊಂಡೆ.

ಅಧ್ಯಕ್ಷರು ಹುಬ್ಬಳ್ಳಿಯಿಂದ ಇಪ್ಪತ್ತು ನಿಮಿಷ ತಮ್ಮ ಬಗ್ಗೆ ಮಾತಾಡಿದರು. ನಡುವೆ ಎರಡು ಸಲ ಈರಪ್ಪನನ್ನು ವೀರಭದ್ರಪ್ಪ ಅಂದರು. ಕೊನೆಗೆ, "ಎಲ್ಲಾರೂ ಎದ್ದ ನಿಂದರ್ರಿ. ಎರಡ ನಿಮಿಷ ಮೌನ. ನಾ ಹೇಳೂತನಕ ಯಾರೂ ಕೂಡಬ್ಯಾಡ್ರಿ" ಎಂದರು.

ನಿಂತೆವು. ನಮ್ಮಲ್ಲಿ ಎರಡು ನಿಮಿಷದ ಮೌನ ನಲವತ್ತು ಸೆಕೆಂಡಿಗೆ ಮುಗಿಯುವುದು ವಾಡಿಕೆ. ಆವತ್ತು ಮೂರು ನಿಮಿಷವಾಯಿತು, ಐದಾಯಿತು, ಎಂಟಾಯಿತು. ಅಪ್ಪಣೆ ಇಲ್ಲದೆ ಕೂಡುವ ಧೈರ್ಯ ಯಾರಿಗೂ ಇಲ್ಲ. ಪ್ರಿನ್ಸಿಪಾಲರು ಎಡಗಾಲಿನಿಂದ ಬಲಗಾಲಿಗೆ ಭಾರ ಬದಲಿಸುತ್ತಿದ್ದರು. ನಾನು ಸ್ಪೀಕರಿನತ್ತ ನೋಡಿದೆ. ಹಸಿರು ದೀಪ ಆರಿತ್ತು! ಅಧ್ಯಕ್ಷರು ಅತ್ತ "ಕೂಡ್ರಿ" ಅಂದದ್ದು ಮುಚ್ಚಿದ ಬಾಗಿಲಿಗೆ ಬಡಿದು ಅಲ್ಲೇ ಉಳಿದಿತ್ತು. ಫೈರ್‌ವಾಲ್ ಪೆಟ್ಟಿಗೆ ಇರುವ ಮಹಡಿಗೆ ಓಡಿ ಸರಿಮಾಡಬೇಕೆಂದರೆ ನೀಲವ್ವನ ಎದುರೇ ಹಾಯಬೇಕು. ನಾನೂ ನಿಂತೇ ಇದ್ದೆ.

ಹನ್ನೊಂದನೆಯ ನಿಮಿಷಕ್ಕೆ ಪ್ರಿನ್ಸಿಪಾಲರ ಮೊಬೈಲು ಹೊಡೆದುಕೊಂಡಿತು. ಹುಬ್ಬಳ್ಳಿಯ ಆಫೀಸಿನವರು. "ಕಾರ್ಯಕ್ರಮ ಛಲೋ ಆತ್ರೀ ಸರ. ನಾವಿಲ್ಲೆ ಚಾ ಕುಡ್ಯಾಕತ್ತೇವಿ!"

ಪ್ರಿನ್ಸಿಪಾಲರು ಕೂತರು, ಹಿಂದೆಯೇ ಎಲ್ಲರೂ ದೊಪ್ಪನೆ ಕೂತರು. ನಾನು ತಪ್ಪಾಯಿತೆಂದು ಹೇಳಲು ನೀಲವ್ವನ ಹತ್ತಿರ ಹೋದೆ. ಬಾಯಿ ತೆರೆಯುವ ಮೊದಲೇ ಆಕೆ ಸೆರಗಿನಿಂದ ಕಣ್ಣೊರಸಿಕೊಂಡು ಕೈ ಮುಗಿದಳು.

"ಇಡೀ ಜನ್ಮದಾಗ ಅವರ ಸಲುವಾಗಿ ಯಾರೂ ಎದ್ದ ನಿಂತಿದ್ದಿಲ್ರೀ ಸರ. ಇವತ್ತ ಇಷ್ಟ ಮಂದಿ, ಇಷ್ಟೊತ್ತು ನಿಂತ್ರಿ."

ಮರುದಿನ ನೆಟ್‌ವರ್ಕ್ ಕಂಪನಿಗೆ ಕಳಿಸುವ ಹಾಳೆಯಲ್ಲಿ, ಕಂಡುಬಂದ ದೋಷವೇನು ಎಂದು ಕೇಳಿದ್ದರು. ಏನೂ ಇಲ್ಲ ಎಂದು ಬರೆದೆ.