ವಾಪಸ್ ಬಂದ ಬಾಗಿನ

ಗೌರಿ ಹಬ್ಬಕ್ಕೆ ಕೊಟ್ಟ ಬಾಗಿನವನ್ನು ಯಾರೂ ಹಿಂದಿರುಗಿಸುವುದಿಲ್ಲ. ಹಗೆಯವಳಾದರೂ ಸೆರಗೊಡ್ಡಿ ತೆಗೆದುಕೊಳ್ಳುತ್ತಾಳೆ. ನನ್ನದು ಹಿಂದಿರುಗಿ ಬಂತು.

ಕೊರೊನಾದ ಮೊದಲ ವರ್ಷ. ಜಪಾನಿನ ಉರಯಾಸುವಿನ ನಮ್ಮ ಕಟ್ಟಡದ ಮೇಲಿನ ಮಹಡಿಯಲ್ಲಿ ಮೈಸೂರಿನವಳೊಬ್ಬಳಿದ್ದಳು, ನನ್ನ ಜೀವದ ಗೆಳತಿ ಎಂದುಕೊಂಡಿದ್ದೆ. ಮೊರ ಸಿಗದ ಊರು. ನೂರು ಯೆನ್ ಅಂಗಡಿಯ ಬಿದಿರು ತಟ್ಟೆಗಳಲ್ಲೇ ಅಕ್ಕಿ, ತೊಗರಿಬೇಳೆ, ಬಳೆ, ಕಾಯಿ ಜೋಡಿಸಿ, ಬಟ್ಟೆಯಲ್ಲಿ ಗಂಟು ಕಟ್ಟಿ ಅವಳ ಬಾಗಿಲ ಹಿಡಿಗೆ ತೂಗುಹಾಕಿ ಬಂದೆ. ಸಂಜೆಗೆ ಅದೇ ಗಂಟು, ಬಿಚ್ಚದೆ, ನಮ್ಮ ಬಾಗಿಲಿಗೆ ನೇತಾಡುತ್ತಿತ್ತು. ಸ್ಯಾನಿಟೈಸರ್ ವಾಸನೆ ಮೂಗಿಗೆ ಹೊಡೆಯಿತು. ಇಲ್ಲಿನ ಕನ್ನಡದ ಹೆಂಗಸರ ವಾಟ್ಸಾಪ್ ಗುಂಪಿನಲ್ಲಿ ಬೇರೆ ಬರೆದಿದ್ದಳು: ಕೆಲವರ ಯಜಮಾನರು ಇನ್ನೂ ಟ್ರೇನಿನಲ್ಲಿ ಆಫೀಸಿಗೆ ಹೋಗ್ತಾರೆ, ಅಂಥವರು ದಯವಿಟ್ಟು ಬಾಗಿನ ತರಬೇಡಿ. ಹಾಗೆ ಟ್ರೇನು ಹತ್ತಿ ಮಿನಾಟೋವಿನ ಆಫೀಸಿಗೆ ಹೋಗುತ್ತಿದ್ದದ್ದು ನನ್ನ ಗಂಡ ಒಬ್ಬರೇ.

‘ಪರವಾಗಿಲ್ಲ ಬಿಡಿ’ ಎಂದು ಉತ್ತರ ಹಾಕಿದೆ. ಕಾಯಿ ಒಡೆದು ಚಟ್ನಿ ಮಾಡಿದೆ, ಉಳಿದದ್ದನ್ನು ಮತ್ತೆ ಗಂಟು ಕಟ್ಟಿ ಫ್ರಿಜ್ಜಿನ ಮೇಲಿಟ್ಟೆ. ಒಂದಲ್ಲ ಒಂದು ದಿನ ನಿನಗೇ ತಿರುಗಿ ಕೊಡ್ತೀನಿ ಕಣೇ, ಅಂದುಕೊಂಡೆ.

ಆ ಚಳಿಗಾಲ ಗಂಡನ ಕಂಪನಿಯವರು ಕೆಲಸದವರ ಮನೆಯವರಿಗೆಂದು ಆನ್‌ಲೈನ್ ಕ್ಲಾಸು ನಡೆಸಿದರು, ನಮ್ಮನ್ನು ನಾವು ಅರಿಯುವುದಕ್ಕೆ. ನಿಮ್ಮ ಸ್ವಭಾವ ಏನು ಎಂದು ಮೇಡಂ ಕೇಳಿದಾಗ, ನಾನು ಯಾವುದನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ ಎಂದೆ. ಗಂಟು ನನ್ನ ಬೆನ್ನ ಹಿಂದೆಯೇ ಇತ್ತು. ಎಲ್ಲರೂ ಮೆಚ್ಚಿ ತಲೆಯಾಡಿಸಿದರು, ನಾನೂ ನಂಬಿದೆ!

ಮರುವರ್ಷದ ಹಬ್ಬದ ಹೊತ್ತಿಗೆ ಗುಂಪಿನ ಬೇರೆ ಹೆಂಗಸರೆಲ್ಲ ಬೆಂಗಳೂರಿಗೆ ಹೊರಟುಹೋಗಿದ್ದರು. ಬಾಗಿನ ಕೊಡಲು ಮೇಲಿನ ಮಹಡಿಯವಳಿಗೆ ಉಳಿದ ಮುತ್ತೈದೆ ನಾನೊಬ್ಬಳೇ. ಬೆಲ್ ಆಯಿತು. ಬಾಗಿಲಾಚೆ ನಿಂತವರನ್ನು ತೋರಿಸುವ ಗೋಡೆಯ ಪುಟ್ಟ ಪರದೆಯಲ್ಲಿ ರೇಷ್ಮೆ ಸೀರೆ, ಮಾಸ್ಕು. ಅವಳೇ. ತೆರೆಯಲಿಲ್ಲ. ಮನೆಯಲ್ಲಿದ್ದೂ ಇಲ್ಲದವರಂತಿರುವುದಕ್ಕೆ ಜಪಾನಿನವರು ‘ಇರುಸು’ ಎನ್ನುತ್ತಾರೆ. ಮಗಳು ಪಿಸುಗುಟ್ಟಿದಳು, “ಅಮ್ಮಾ, ಇರುಸು?” ಸುಮ್ಮನಿರೇ ಎಂದು ಕಣ್ಣು ಬಿಟ್ಟೆ. ಕಾಯಲಿ, ಕಾಲು ನೋಯಲಿ. ಎಷ್ಟು ಹಿತವಾಯಿತೆಂದರೆ, ನನಗೇ ನನ್ನ ಗುರುತು ಸಿಕ್ಕಿತು.

ಆಮೇಲೆ ಬಾಗಿಲು ತೆರೆದೆ. ಅರಿಶಿನ ಕುಂಕುಮ ಹಚ್ಚಿ, ಅವಳ ಬಾಗಿನವನ್ನು ಸೆರಗೊಡ್ಡಿ ತೆಗೆದುಕೊಂಡೆ. ಫ್ರಿಜ್ಜಿನ ಮೇಲಿನ ಗಂಟು ತಂದು ಅವಳೆದುರೇ ಬಿಚ್ಚಿದೆ. ಅಕ್ಕಿಯ ತುಂಬ ಹುಳ ಹರಿದಾಡುತ್ತಿದ್ದವು.

“ಹೋದ ವರ್ಷದ್ದಾ?”

“ಹೂಂ. ನಿಮ್ಮದೇ.”

ಕಿರುಚುತ್ತಾಳೆ, ಮೆಟ್ಟಿಲು ಹತ್ತಿ ಓಡುತ್ತಾಳೆ ಎಂದುಕೊಂಡಿದ್ದೆ. ಅವಳು ಸೆರಗೊಡ್ಡಿದಳು. ಹುಳ ಸಮೇತ ತೆಗೆದುಕೊಂಡಳು.

“ನಿಮಗೆ ಬೇಜಾರಾಗಿದ್ದು ನಂಗೆ ಗೊತ್ತೇ ಆಗ್ಲಿಲ್ಲ ಕಣ್ರೀ. ಪರವಾಗಿಲ್ಲ ಅಂದಿದ್ರಲ್ಲ? ನೀವು ಯಾವಾಗ್ಲೂ ಹಾಗೇ ಅಂತೀರಿ.”

ಮತ್ತೆ ಅದೇ ಮಾತು ನಾಲಿಗೆಯ ತುದಿಗೆ ಬಂತು. ನುಂಗಿಕೊಂಡೆ.

“ತುಂಬಾ ನೋವಾಯ್ತು. ಇನ್ನೂ ಆರಿಲ್ಲ,” ಎಂದೆ. ಯಾರ ಮುಂದೆಯೂ ಹಾಗೆ ಹೇಳಿದ್ದು ನೆನಪಿಲ್ಲ. ಅವಳ ಕಣ್ಣು ತುಂಬಿತು. ನನ್ನದೂ.

ಹುಳ ಬಿದ್ದ ಬಾಗಿನವನ್ನು ಮಾತ್ರ ನಾನು ವಾಪಸ್ ಕೇಳಲಿಲ್ಲ.