ಠರಾವು ಬರೆಯಲು ಬಂದ ಅಧ್ಯಕ್ಷಕ್ಕ

ಕಚೇರಿಯ ಶಿಕ್ಕಾ ಪ್ಯಾಡು ಒಣಗಿ ಹೋಗಿತ್ತು. ಮೊನ್ನೆ ಅದಕ್ಕೆ ನೇರಳೆ ಶಾಯಿ ಹಾಕಿಸುವಾಗ ಆ ಒಗರು ವಾಸನೆ ಮೂಗಿಗೆ ಬಡಿದು, ಎಂ.ಎ. ಓದುವಾಗ ನನ್ನ ಖೋಲಿಯಲ್ಲಿದ್ದ ಅಧ್ಯಕ್ಷಕ್ಕ ನೆನಪಾದಳು. ಅವಳ ಟ್ರಂಕಿನಲ್ಲಿ ಇಂಥದೇ ಒಂದು ಹಳೆಯ ಪ್ಯಾಡಿತ್ತು. ಸೀರೆಗಳಿಗೆಲ್ಲ ಅದರದೇ ವಾಸನೆ. ನಾನೀಗ ಸಿಂದಗಿಯಲ್ಲಿ ಸರಕಾರಿ ನೌಕರಿಯವಳು. ದಿನವಿಡೀ ಸಹಿ ಮಾಡಿ ಮಾಡಿ ಸಾಯಂಕಾಲಕ್ಕೆ ನನ್ನ ಹೆಸರೇ ನನಗೆ ಬೇಜಾರು ಬಂದಿರುತ್ತದೆ...

ತೊಂಬತ್ತರ ದಶಕದ ಕೊನೆ. ವಿಜಾಪುರದಲ್ಲಿ ನಾವು ಲೋಕಾಡಳಿತ ಓದುತ್ತಿದ್ದೆವು. ಸರಕಾರ ಹೇಗೆ ನಡೆಯಬೇಕು ಎಂದು ಕಲಿಸುವ ವಿಷಯ ಅದು. ಹೇಗೆ ನಡೆಯುತ್ತದೆ ಎಂಬುದು ಸಿಲೆಬಸ್ಸಿನಲ್ಲಿ ಇರಲಿಲ್ಲ. ಮೊದಲ ದಿನ ಮೇಷ್ಟ್ರು ಒಬ್ಬೊಬ್ಬರನ್ನೇ ಎಬ್ಬಿಸಿ, ಈ ವಿಷಯ ಯಾಕೆ ತಗೊಂಡಿರಿ ಎಂದು ಕೇಳಿದರು. ಚಡಚಣದ ದ್ರಾಕ್ಷಿ ತೋಟದವರ ಮಗ ತಹಸೀಲ್ದಾರ ಆಗುವವನಿದ್ದ. ಮುದ್ದೇಬಿಹಾಳದ ಹೆಡ್‌ಮಾಸ್ತರರ ಮಗಳಿಗೆ ಅದಕ್ಕಿಂತ ಮೇಲಿನ ಖುರ್ಚಿ ಬೇಕಿತ್ತು. ಆಲಮೇಲದ ಕಡೆಯಿಂದ ಬಂದ ಕುರಿಗಾರರ ಹುಡುಗ ನೇರ ಜಿಲ್ಲಾಧಿಕಾರಿ. ಕೂಸು ಹುಟ್ಟುವ ಮೊದಲೇ ಎಲ್ಲರೂ ಕುಲಾವಿ ಹೊಲಿಸಿ ಕೂತಿದ್ದೆವು. ಇಂಡಿಯಿಂದ ಬಂದ ನಾನು ಮದುವೆಯನ್ನು ಎರಡು ವರ್ಷ ಮುಂದೂಡಲು ಎಂ.ಎ.ಗೆ ಸೇರಿದ್ದೆ, ಆದರೂ ಎದ್ದು ನಿಂತು ಕೆ.ಎ.ಎಸ್. ಎಂದೇ ಹೇಳಿದೆ.

ಕೊನೆಯ ಬೆಂಚಿನಿಂದ ಮೂವತ್ತು ದಾಟಿದ, ಇಳಕಲ್ ಸೀರೆಯ ಹೆಂಗಸೊಬ್ಬಳು ಎದ್ದಳು. ಬಸವನ ಬಾಗೇವಾಡಿ ತಾಲೂಕು, ಮುಳವಾಡದ ಕಡೆಯ ಹಳ್ಳಿ. ಮಹಿಳಾ ಮೀಸಲಾತಿಯಲ್ಲಿ ಗೆದ್ದು ಅಲ್ಲಿನ ಗ್ರಾಮ ಪಂಚಾಯತಿಗೆ ಅಧ್ಯಕ್ಷೆಯಾಗಿದ್ದವಳು. ಈಗ ಏನಾಗಬೇಕು ಎಂದರೆ, ಪಂಚಾಯತಿ ಸೆಕ್ರೆಟರಿ ಆಗಬೇಕು ಎಂದಳು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಅಧ್ಯಕ್ಷೆ ಕೆಳಗಿಳಿದು ಸೆಕ್ರೆಟರಿ ಆಗುವುದೇ?

ಅವಳೂ ನಕ್ಕಳು. "ದೇವರು ವರಾ ಕೊಟ್ರೂ ಪೂಜಾರಿ ಕೊಡಂಗಿಲ್ಲ ಅಂತಾರಲ್ರಿ. ದೇವರಾಗಿ ನೋಡೇನಿ. ಇನ್ನ ಪೂಜಾರಿ ಆಗ್ತೇನಿ."

ಅಂದಿನಿಂದ ಅವಳು ನಮಗೆಲ್ಲ ಅಧ್ಯಕ್ಷಕ್ಕ.

ಖೋಲಿಯಲ್ಲಿ ರೊಟ್ಟಿ ಬಡಿಯುತ್ತ ಊರಿನ ಕತೆ ಹೇಳುತ್ತಿದ್ದಳು. ಸಭೆಯಲ್ಲಿ ಅವಳ ಪಕ್ಕ ಗಂಡ ಕೂರುತ್ತಿದ್ದ. ಕೇಳಿದ್ದಕ್ಕೆಲ್ಲ ಅವನೇ ಉತ್ತರ. ತೀರ್ಮಾನವನ್ನು ಠರಾವಿನಲ್ಲಿ ಬರೆದಿಡುವವರು ಸೆಕ್ರೆಟರಿ. ಅಕ್ಕ ಬಿ.ಎ. ಆಗಿದ್ದರೂ ಅದನ್ನು ಓದುವ ಹಾಗಿರಲಿಲ್ಲ. ಓದಿ ಸಹಿ ಮಾಡಿದರೆ ಹಿರಿಯರ ಮೇಲೆ ನಂಬಿಕೆ ಇಲ್ಲವೆಂದು ಅರ್ಥ, ಅದು ಅಲ್ಲಿಯ ರಿವಾಜು. ಊರ ಹೊರಗಿನ ಕೇರಿಗೆ ನಳ ಹಾಕಿಸಬೇಕೆಂದು ಒಮ್ಮೆ ಇವಳೇ ಬಾಯಿ ಬಿಟ್ಟು ಹೇಳಿ, ಎಲ್ಲರೂ ಹೂಂ ಎಂದಿದ್ದರಂತೆ. ನಳ ಬಂದದ್ದು ಗುಡಿಯ ಮುಂದೆ. ಕೇಳಲು ಹೋದರೆ ಠರಾವಿನಲ್ಲಿ ಹಾಗೇ ಇದೆ, ಕೆಳಗೆ ನಿಮ್ಮದೇ ಸಹಿ ಇದೆ ಎಂದರಂತೆ. ಅದಾದ ಮೇಲೂ ಕೇರಿಯ ಹೆಂಗಸರು ಕೊಡ ಹೊತ್ತು ಇವಳ ಮನೆಯ ಮುಂದೆಯೇ ಹಾದು ಹೋಗಬೇಕಿತ್ತು. ಅದಕ್ಕೇ ಅವಳು ಓದಲು ಬಂದದ್ದು. ಎಂ.ಎ. ಮುಗಿಸಿ ಆ ಹುದ್ದೆಗೆ ಅರ್ಜಿ ಹಾಕಬೇಕು. ವಯಸ್ಸಿನ ಮಿತಿ ದಾಟಲು ಮೂರ್ನಾಲ್ಕು ವರ್ಷ ಮಾತ್ರ ಉಳಿದಿತ್ತು.

ಎರಡನೆಯ ವರ್ಷ, ಪರೀಕ್ಷೆ ಹತ್ತಿರ ಬಂದಾಗ, ಪಂಚಾಯತಿ ಚುನಾವಣೆಯೂ ಬಂತು. ಒಂದು ಮಧ್ಯಾಹ್ನ ಅವಳ ಮಾವ ಊರ ಹಿರಿಯರ ಜೊತೆ ಜೀಪಿನಲ್ಲಿ ಬಂದಿಳಿದರು. ಅಧ್ಯಕ್ಷ ಸ್ಥಾನ ಈ ಸಲವೂ ಹೆಣ್ಣುಮಕ್ಕಳಿಗೇ ಬರುತ್ತದೆಂದು ಊರಿಗೆಲ್ಲ ಖಾತ್ರಿ. ಬಸವಣ್ಣನ ಗುಡಿಯಲ್ಲಿ ಊರು ಕೂಡಿ, ಇವಳ ಹೆಸರಿಗೆ ಕಾಯಿ ಒಡೆದು ಅವಿರೋಧವಾಗಿ ಆರಿಸಿಬಿಟ್ಟಿದ್ದರು. ಕಾಯಿ ಒಡೆದ ಹೆಸರಿನ ಎದುರು ಆ ಊರಲ್ಲಿ ಯಾರೂ ನಿಲ್ಲುವುದಿಲ್ಲ. ಆ ಹೆಸರಿನವರು ಒಲ್ಲೆ ಎನ್ನುವ ಹಾಗೂ ಇಲ್ಲ.

ಕ್ಲಾಸಿನಲ್ಲಿ ಹಬ್ಬವಾಯಿತು. ಪುಸ್ತಕದಲ್ಲಿ ಓದಿದ್ದು ಕಣ್ಣೆದುರೇ ನಡೆಯುತ್ತಿದೆ ಎಂದು ಮೇಷ್ಟ್ರು ಹಿಗ್ಗಿದರು. ಪೇಢೆ ತರಿಸಿದೆವು. ನಿನಗೇನು ಬೇಕು ಎಂದು ಒಬ್ಬರೂ ಕೇಳಲಿಲ್ಲ. ಮಹಿಳಾ ಮೀಸಲಾತಿಯ ಮೇಲೆ ಪುಟಗಟ್ಟಲೆ ಉತ್ತರ ಬರೆಯುವವರು ನಾವು!

"ಮಾವಾರ, ಪರೀಕ್ಷೆ ಐತ್ರಿ ನನಗ," ಎಂದಳು ಅಕ್ಕ, ಖೋಲಿಯ ಬಾಗಿಲಲ್ಲಿ ನಿಂತು.

"ಪರೀಕ್ಷೆ ಮುಂದಿನ ವರ್ಷಾನೂ ಬರತೈತವ್ವಾ. ಈ ಖುರ್ಚಿ ಬರತೈತೇನು?"

"ಆ ಖುರ್ಚಿಮ್ಯಾಲ ಕುಂತು ನೋಡೇನ್ರಿ. ಕಾಲು ನೆಲಕ್ಕ ಹತ್ತಂಗಿಲ್ಲ. ಐದು ವರ್ಷ ಅಲ್ಲೇ ಕುಂತ್ರ ನೌಕರಿ ವಯಸ್ಸು ದಾಟಿ ಹೋಗತೈತ್ರಿ."

ಮಾವ ಕೆಟ್ಟವರಲ್ಲ. ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಮೆಲ್ಲಗೆ, "ಕಾಯಿ ಒಡದೀವಲ್ಲವ್ವಾ..." ಎಂದರು.

ಅವಳು ಟ್ರಂಕು ಕಟ್ಟಿದಳು. ನನಗೆ ಅಳು ಬಂತು, ಅವಳಿಗೆ ಬರಲಿಲ್ಲ. ಪರೀಕ್ಷೆಗೆ ಬಂದಾಳು ಎಂದು ಕಾದೆ. ಬರಲಿಲ್ಲ, ಮರುವರ್ಷವೂ ಇಲ್ಲ.

ನಾವು ಯಾರೂ ಅಂದುಕೊಂಡದ್ದು ಆಗಲಿಲ್ಲ. ದ್ರಾಕ್ಷಿಯವ ತೋಟಕ್ಕೆ ಮರಳಿದ, ಕುರಿಗಾರರ ಹುಡುಗ ಮಾಸ್ತರನಾದ. ನಾನು ಕೆ.ಎ.ಎಸ್. ಬಾಗಿಲು ತಟ್ಟಿ ತಟ್ಟಿ ಸುಸ್ತಾಗಿ, ಸಿಕ್ಕ ನೌಕರಿ ಹಿಡಿದೆ. ವರ್ಷಗಳ ಮೇಲೆ ಬಾಗೇವಾಡಿಯ ಬಸ್ ನಿಲ್ದಾಣದಲ್ಲಿ ಅಕ್ಕ ಸಿಕ್ಕಳು. ಅಧ್ಯಕ್ಷಗಿರಿ ಆಗಷ್ಟೇ ಮುಗಿದಿತ್ತು.

"ಅರ್ಜಿ ಹಾಕಿದ್ರೇನಕ್ಕಾ?"

"ವಯಸ್ಸು ಮೀರಿತಲ್ಲ ತಂಗಿ," ಎಂದು ನಕ್ಕಳು. "ಆದ್ರ ಠರಾವು ಮಾತ್ರ ಐದು ವರ್ಷ ನಾನ ಬರದೇನಿ. ಸೆಕ್ರೆಟರಿಗೆ ಮೂರು ಪಂಚಾಯತಿ ಚಾರ್ಜ್ ಇತ್ತು, ಬರಿಯೋರು ಸಿಕ್ಕರ ಸಾಕಾಗಿತ್ತು ಅವರಿಗೆ. ನಾ ಬರದದ್ದಕ್ಕ ಅವರು ಸಹಿ ಮಾಡ್ತಿದ್ರು. ಓದ್ತಿದ್ದಿಲ್ಲ ಬಿಡು!"

ಕೇರಿಗೆ ನಳ ಬಂದಿತ್ತು. ಅದನ್ನೂ ಹೇಳಿದಳು. ಬಸ್ಸು ಬಂತು, ಹತ್ತಿಬಿಟ್ಟೆ...

ಅಕ್ಕ ಈಗ ಇಲ್ಲ. ಸುದ್ದಿ ಗೊತ್ತಾಗುವಾಗಲೇ ದಿನಗಳು ಕಳೆದಿದ್ದವು. ಹೋದ ತಿಂಗಳು ಕೆಲಸದ ಮೇಲೆ ಅವಳ ಊರಿಗೆ ಹೋಗಿದ್ದೆ. ಪಂಚಾಯತಿ ಗೋಡೆಯ ಮೇಲೆ ಅಧ್ಯಕ್ಷರ ಹೆಸರಿನ ಫಲಕವಿದೆ, ಅದರಲ್ಲಿ ಅವಳ ಹೆಸರು ಎರಡು ಕಡೆ. ಪಕ್ಕದಲ್ಲಿ ಸೆಕ್ರೆಟರಿಗಳ ಹೆಸರಿನ ಇನ್ನೊಂದು ಫಲಕ. ಅದರಲ್ಲಿ ಅವಳು ಇರುವುದಿಲ್ಲವೆಂದು ಗೊತ್ತಿತ್ತು. ಆದರೂ ಕೊನೆಯ ಹೆಸರಿನ ತನಕ ಓದಿದೆ.