ಭಾನುವಾರದ ಮೊದಲ ಎಲೆ

ಕರಿಬೇವು ಕೇಳೋಕೆ ಪಕ್ಕದ ತಮಿಳರ ಮನೆಗೆ ಹೋದವಳು ಬಾಗಿಲಲ್ಲೇ ನಿಂತುಬಿಟ್ಟೆ. ಆ ಮನೆ ಸೊಸೆ ಎಲೆ ಮುಂದೆ ಕೂತು ಉಣ್ಣುತ್ತಿದ್ದಾಳೆ, ನನ್ನ ವಯಸ್ಸಿನ ಅತ್ತೆ ಬಗ್ಗಿ ಮೀನು ಸಾರು ಬಡಿಸುತ್ತಿದ್ದಾಳೆ. ಗಂಡ, ಮಾವ ಇಬ್ಬರೂ ತಮ್ಮ ಸರದಿಗೆ ಕಾಯುತ್ತಾ ಗೋಡೆಗೆ ಒರಗಿದ್ದಾರೆ!

"ಏನಮ್ಮಾ ಇದು?" ಅಂದೆ.

ಆಯಮ್ಮ ಸೌಟು ಕೆಳಗಿಡದೆ, "ಆರು ದಿನ ಅವಳು ನಮಗೆ ಬಡಿಸ್ತಾಳೆ. ಭಾನುವಾರ ಮೊದಲ ಎಲೆ ಸೊಸೆಗೇ. ನಮ್ಮತ್ತೆ ನನಗೂ ಹೀಗೇ ಬಡಿಸಿದ್ರು" ಅಂತ ತಮಿಳಲ್ಲಿ ಹೇಳಿದಳು.

ಮಾಧವರಂ ಅನ್ನೋ ಈ ತಮಿಳು ಊರಿಗೆ ನಾವು ಬಂದು ಇಷ್ಟು ವರ್ಷವಾಯ್ತು. ಗಂಡಸರು ಹಸಿದು ನಿಂತದ್ದನ್ನ ನಾನು ಅವತ್ತೇ ಕಂಡಿದ್ದು. ಕರಿಬೇವು ಕೇಳೋದನ್ನೇ ಮರೆತು ವಾಪಸ್ ಬಂದೆ.

ಮರು ಭಾನುವಾರ ನಾನೂ ಎಲೆ ಹಾಕಿ, "ಮೊದಲು ನೀನು ಕೂತ್ಕೊಳೇ" ಅಂದೆ ನನ್ನ ಸೊಸೆಗೆ. ಮದುವೆಯಾಗಿ ಬಂದಾಗಿಂದ ಕೊನೆಗೇ ಉಂಡವಳು. ಹೆದರಿಕೊಂಡು ಕೇಳಿದಳು: "ನನ್ನಿಂದ ಏನು ತಪ್ಪಾಯ್ತು ಅತ್ತೆ?"